ರಕ್ತ ಕೇಳುವ ಖುಕ್ರಿ

ಭಾಲ್ಕಿಯಿಂದ ಕಾಕಿ ಫೋನ್ ಮಾಡಿದಾಗ ನಾನು ಬೀದರಿನ ನಮ್ಮ ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಬಂದ್ ಆಗಿದೆಯೇ ಎಂದು ಮತ್ತೊಮ್ಮೆ ನೋಡುತ್ತಿದ್ದೆ. ಅದು ಖಾಲಿ ಸಿಲಿಂಡರ್ ಎಂಬುದು ಬೇರೆ ಮಾತು.

"ನಿಮ್ಮ ಕಾಕಾ ಖುಕ್ರಿ ಹಿರದು ಕುಂತಾರಪ್ಪಾ. ನಿನ್ನೆಯಿಂದ ಕೆಳಗ ಇಡವಲ್ರು. ಔರಾದದಿಂದ ನನ್ನ ತಮ್ಮ ಬಂದಿದ್ದ, ಬಾಗಲಾಗ ನಿಂತು ಪ್ರಾರ್ಥನಾ ಮಾಡಿ ಹೋದ. ನೀ ಬಾ. ನೀ ಅಂದ್ರ ಅವರಿಗಿ ಜೀವ."

ಜೀವ ಎಂಬ ಮಾತು ಆ ಹೊತ್ತಿನಲ್ಲಿ ನನಗೆ ಹಿತವಾಗಲಿಲ್ಲ.

ಕಾಕಾ ಸೈನ್ಯದಲ್ಲಿ ನರ್ಸಿಂಗ್ ಕೆಲಸದಲ್ಲಿದ್ದವರು. ಬಾಂಗ್ಲಾ ಯುದ್ಧದಲ್ಲಿ ಗೂರ್ಖಾ ಪಲ್ಟನ್ನಿನ ಗಾಯಾಳುಗಳಿಗೆ ಪಟ್ಟಿ ಕಟ್ಟಿದ್ದರು. ಕಾಲು ಉಳಿಸಿಕೊಂಡ ಸಿಪಾಯಿಯೊಬ್ಬ ತನ್ನ ಖುಕ್ರಿಯನ್ನೇ ಇವರಿಗೆ ಕೊಟ್ಟುಬಿಟ್ಟ. ಅದು ಮುಂದಕ್ಕೆ ಬಾಗಿದ, ತುದಿಯತ್ತ ಅಗಲವಾಗುವ ದಪ್ಪ ಕತ್ತಿ. "ಒಮ್ಮಿ ಹೊರಗ ಬಂದ್ರ ರಕ್ತ ಕುಡೀದ ಒಳಗ ಹೋಗಂಗಿಲ್ಲ" ಎಂದು ಕಾಕಾ ನಮ್ಮನ್ನು ಚಿಕ್ಕಂದಿನಲ್ಲಿ ಹೆದರಿಸುತ್ತಿದ್ದರು. ಉಳಿದ ಮಕ್ಕಳು ಅದನ್ನಿಟ್ಟಿದ್ದ ಟ್ರಂಕಿನ ಹತ್ತಿರ ಹೋಗುತ್ತಿರಲಿಲ್ಲ. ನಾನು ಆ ಕೋಣೆಗೇ ಹೋಗುತ್ತಿರಲಿಲ್ಲ. ದೊಡ್ಡವನಾದ ಮೇಲೆ ಅವರೇ ನಕ್ಕು ಹೇಳಿದ್ದರು: "ಹುಚ್ಚಾ, ಗೂರ್ಖಾ ಮಂದಿ ಅದರಿಂದ ಕಟಗಿ ಕಡೀತಿದ್ರು, ಉಳ್ಳಾಗಡ್ಡಿ ಹೆಚ್ಚತಿದ್ರು. ನೀವು ಮುಟ್ಟಬಾರದಂತ ಅಂದಿದ್ದೆ."

ಈಗ ಕಾಕಾರ ಮರೆವಿನ ರೋಗ ಉಳ್ಳಾಗಡ್ಡಿಯನ್ನು ತಿಂದುಹಾಕಿ ರಕ್ತವನ್ನು ಮಾತ್ರ ಉಳಿಸಿತ್ತು.

ನಾನು ಭಾಲ್ಕಿ ತಲುಪಿದಾಗ ಪಕ್ಕದ ಮನೆಯ ಚಾಚಾ ಅಂಗಳದಲ್ಲೇ ನಿಂತಿದ್ದರು. "ತೂ ಆಗೇ ಚಲ್, ಮೈ ಪೀಛೇಚ್ ಹೂಂ" ಎಂದು, ನೀನು ಮುಂದೆ ನಡೆ, ನಾನು ಹಿಂದೆಯೇ ಇದ್ದೇನೆಂದು ಧೈರ್ಯ ಕೊಟ್ಟರು. ಹೊಸ್ತಿಲಲ್ಲಿ ತಿರುಗಿ ನೋಡಿದೆ. ಅವರ 'ಪೀಛೇ' ಗೇಟಿನ ಆಚೆ ಇತ್ತು.

"ಥಮ್! ಕೌನ್ ಆತಾ ಹೈ?" ನಿಲ್ಲು, ಯಾರು ಬರುತ್ತಿರುವುದು ಎಂದು ಒಳಗಿನಿಂದ ಕಾಕಾ ಪಹರೆಯ ಸಿಪಾಯಿಯಂತೆ ಗದರಿದರು.

"ಬೀದರದಿಂದ ಬಂದೀನ್ರಿ ಕಾಕಾ."

ಮಂಚದ ಮೇಲೆ ಕುಳಿತಿದ್ದರು. ಖುಕ್ರಿ ತೊಡೆಯ ಮೇಲೆ, ಖಾಲಿ ಒರೆ ಪಕ್ಕದಲ್ಲಿ. ಮೂಲೆಯಲ್ಲಿ ಕಾಕಿ ಸೆರಗನ್ನು ಬಾಯಿಗಿಟ್ಟುಕೊಂಡಿದ್ದಳು.

"ಒಳಗ ಇಡ್ರಿ ಕಾಕಾ."

"ಹ್ಯಾಂಗ ಇಡ್ಲಿ? ಇದಕ್ಕ ರಕ್ತ ಬೇಕಲ್ಲ." ದನಿ ಇಳಿದಿತ್ತು. ಅವರೂ ಹೆದರಿದ್ದಾರೆಂದು ಆಗ ತಿಳಿಯಿತು. "ಇಲ್ಲಿ ವೈರಿ ಯಾರೂ ಇಲ್ಲ. ಒಬ್ಬ ಮುದುಕಿ ಅದಾಳ, ಪಾಪ."

ಹಾಗೆನ್ನುತ್ತ ತಮ್ಮದೇ ಎಡಗೈ ಮಣಿಕಟ್ಟನ್ನು ತಿರುಗಿಸಿ, ನರ ಹುಡುಕುವವರಂತೆ ನೋಡಿದರು. ನರ ಎಲ್ಲಿದೆಯೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

"ನಂದು ತಗೋರಿ" ಎಂದೆ. ಬುದ್ಧಿಯನ್ನು ಕೇಳದೆ ಬಾಯಿ ಆಡಿದ ಮಾತು. ಅಲಗು ನನ್ನ ಕಡೆ ತಿರುಗಿತು.

"ಅದರಿಂದ ಬ್ಯಾಡ್ರಿ!" ಎಂದು ಚೀಲಕ್ಕೆ ಕೈ ಹಾಕಿ, ಶುಗರ್ ನೋಡಿಕೊಳ್ಳುವ ಸೂಜಿ, ಹತ್ತಿ ತೆಗೆದೆ. "ಡಾಕ್ಟರ್ ಇದನ್ನ ಕೊಟ್ಟಾರ."

ಕಾಕಾ ಸೂಜಿಯನ್ನು ಬೆಳಕಿಗೆ ಹಿಡಿದು ನೋಡಿದರು. ಚುಚ್ಚಲು ಎರಡೂ ಕೈ ಬೇಕು. ಖುಕ್ರಿಯನ್ನು ಮಂಚದ ಮೇಲಿಟ್ಟು, ನನ್ನ ಬೆರಳು ಒರೆಸಿ, ಬುಡವನ್ನು ಒತ್ತಿ ಹಿಡಿದರು.

"ಈ ಕಡೆ ನೋಡಬ್ಯಾಡ. ಹೆಸರೇನು ಜವಾನ?"

ಹೆಸರು ಹೇಳುವಷ್ಟರಲ್ಲಿ ಚುಚ್ಚಿಯಾಗಿತ್ತು. ಹನಿ ರಕ್ತವನ್ನು ಅಲಗಿಗೆ ಸವರಿ, ದೊಡ್ಡದೊಂದು ಉಸಿರು ಬಿಟ್ಟು, ಖುಕ್ರಿಯನ್ನು ಒರೆಗೆ ಸೇರಿಸಿದರು. ಹತ್ತಿ ತೆಗೆದುಕೊಳ್ಳಲು ಅವರು ಬಗ್ಗಿದ್ದೇ ತಡ, ಕಾಕಿ ಖುಕ್ರಿಯನ್ನು ಸೆರಗಿನೊಳಗೆ ಸೇರಿಸಿಕೊಂಡು ಹಿತ್ತಲಿಗೆ ನಡೆದುಬಿಟ್ಟಳು.

ಕಾಕಾ ನನ್ನ ಬೆರಳಿಗೆ ಹತ್ತಿ ಒತ್ತಿ ಹಿಡಿದು ಕುಳಿತರು. "ಹೆದರಬ್ಯಾಡ. ಮನೀಗಿ ಹೋಗ್ತಿ."

ಮನೆಗೆ ಹೋಗಲೆಂದೇ ಮೆಲ್ಲಗೆ ಎದ್ದೆ. ತಕ್ಷಣ ಅವರ ಇನ್ನೊಂದು ಕೈ ಮಂಚದ ಮೇಲೆ, ಖುಕ್ರಿ ಇದ್ದ ಜಾಗವನ್ನು ತಡವತೊಡಗಿತು.

ಮತ್ತೆ ಕುಳಿತು "ಯಪ್ಪೋ" ಎಂದು ನರಳಿದೆ. ಈ ಒಂದು ವಿದ್ಯೆಯಲ್ಲಿ ನನಗೆ ಒಳ್ಳೆಯ ಅಭ್ಯಾಸವಿತ್ತು. ತಡವುತ್ತಿದ್ದ ಕೈ ನಿಂತು, ತಿರುಗಿ ನನ್ನ ಬೆರಳಿಗೆ ಬಂತು.