ನೀಲಿ ಹೋದ ನೀರು

ನಮ್ಮ ಪಿಎಚ್‌ಡಿ ಗೈಡ್ ಮೇಡಂ ಅವರ ಬಲಗೈ ಬೆರಳ ತುದಿಗಳು ಸದಾ ನೀಲಿಯಾಗಿರುತ್ತಿದ್ದವು. ಗ್ಲೌಸ್ ಹಾಕಿಕೊಳ್ಳಿ ಎಂದು ನಮ್ಮನ್ನೆಲ್ಲ ಗದರುವವರು ತಾವೇ ಮರೆಯುತ್ತಿದ್ದರು. ಮೈಸೂರಿನಿಂದ ಆಕ್ಲೆಂಡಿಗೆ ಬಂದು ಎಷ್ಟೋ ವರ್ಷವಾಗಿದ್ದರೂ ಲ್ಯಾಬಿನಲ್ಲಿ ನನ್ನ ಜೊತೆ ಕನ್ನಡವೇ. ಫಲಿತಾಂಶ ಚೆನ್ನಾಗಿ ಬಂತು ಎಂದರೆ, "ಇನ್ನೊಂದ್ಸಲ ಮಾಡಿ ತೋರ್ಸು" ಎನ್ನುವರು.

ನಾವು ಮಾಡುತ್ತಿದ್ದುದು ಒಂದು ಹಳದಿ ಪುಡಿ. ಬರಿಯ ಹಗಲ ಬೆಳಕಿನಲ್ಲೇ ಅದು ನೀರೊಳಗಿನ ವಿಷವನ್ನು ಒಡೆಯಬೇಕು. ಪರೀಕ್ಷೆಗೆ ನೀಲಿ ಬಣ್ಣ ಬೆರೆಸಿದ ನೀರು. ಬಣ್ಣ ಹೋದರೆ ಪುಡಿ ಕೆಲಸ ಮಾಡಿದ ಹಾಗೆ. ಬಣ್ಣ ಹೋಯಿತು. ಪ್ರಬಂಧವೂ ಅಚ್ಚಾಯಿತು. ಊರಂಚಿನ ಪಾಪಕುರಾದ ಆಚೆ ಗಿಡಗಳ ನರ್ಸರಿ ನಡೆಸುತ್ತಿದ್ದ ಗದಗಿನ ಅಂಕಲ್ ಒಬ್ಬರು ನಮ್ಮನ್ನು ನಂಬಿದರು. ಅದುವರೆಗೆ ತೊಟ್ಟಿಯಲ್ಲಿ ತಡೆದಿಡುತ್ತಿದ್ದ ಕಳೆನಾಶಕದ ನೀರನ್ನು ನಮ್ಮ ಪುಡಿ ಬಳಿದ ತಟ್ಟೆಗಳ ಮೇಲೆ ಹರಿಸಿ ಹಳ್ಳಕ್ಕೆ ಬಿಡತೊಡಗಿದರು.

2014ರ ಈಸ್ಟರ್ ರಜೆ ಮುಗಿಸಿ ಬಂದಾಗ, ಕಪಾಟಿನ ಕತ್ತಲಲ್ಲಿ ಪುಡಿ ಹಾಕಿ ನಾನು ಮರೆತುಹೋಗಿದ್ದ ಜಾಡಿಯ ನೀಲಿ ನೀರೂ ತಿಳಿಯಾಗಿತ್ತು. ಬೆಳಕೇ ಇಲ್ಲದೆ. ಬಣ್ಣ ಒಡೆದಿರಲಿಲ್ಲ, ಪುಡಿಗೆ ಅಂಟಿಕೊಂಡಿತ್ತು ಅಷ್ಟೆ. ಮೇಡಂ ಆ ವಾರವೇ ಬಣ್ಣದ ಬದಲು ಕಳೆನಾಶಕವನ್ನೇ ಹಾಕಿ ಬೆಳಕಿನಲ್ಲಿಟ್ಟು ನೋಡಿದರು. ಹಾಕಿದ್ದು ಹಾಕಿದಂತೆಯೇ ಇತ್ತು. ಬೆಳಕಿಲ್ಲದೆ ಬಣ್ಣ ಹೋಗುವುದಿಲ್ಲವೆಂದು ಖಚಿತಪಡಿಸಿಕೊಳ್ಳಲು ಮೊದಲು ಮಾಡಿದ್ದ ಕತ್ತಲ ಪರೀಕ್ಷೆಯನ್ನು ಅವಸರದಲ್ಲಿ ಬೇಗ ನಿಲ್ಲಿಸಿದ್ದವರು ನಾವಿಬ್ಬರೂ.

ಅಂಕಲ್‌ಗೆ ಮೇಲ್ ಹಾಕೋಣವೇ ಎಂದೆ.

"ಬೇಡ ಕಣಮ್ಮ. ಅವ್ರು ನನ್ ಮುಖ ನೋಡ್ಕೊಂಡು ಬೈಬೇಕು."

ನರ್ಸರಿಯಲ್ಲಿ ಅಂಕಲ್ ಚಹಾ ತರಿಸಿದರು. ಮೇಡಂ ಮುಟ್ಟಲಿಲ್ಲ. ಬಣ್ಣ ಹೋಗಿದೆ, ವಿಷ ಹೋಗಿಲ್ಲ ಎಂದು ನಿಂತೇ ಹೇಳಿದರು. ಅಂಕಲ್ ಹಳ್ಳದ ಕಡೆ ತಿರುಗಿ ನೋಡಿದರು.

"ಕೆಳಗಿನ ಮನಿಯವ್ರಿಗೆ ನಾ ಹೇಳಿಬಿಟ್ಟೀನ್ರಿ ಮೇಡಂ, ನೀರು ಚೊಕ್ಕ ಐತಿ ಅಂತ. ಅವರ ಹುಡುಗ್ರು ಹಳ್ಳದಾಗ ಆಡ್ತಾವ."

ಆ ಮನೆ ಯಾವುದೆಂದು ಕೇಳಿಕೊಂಡು ಮೇಡಂ ನಡೆದೇ ಹೊರಟರು. ನಾನು ತಲೆ ತಗ್ಗಿಸಿ ಹಿಂದೆ ಹೋದೆ. ಮಕ್ಕಳ ತಾಯಿ ಪೂರ್ತಿ ಕೇಳಿಸಿಕೊಂಡು ಹಳ್ಳದತ್ತ ಹೋಗಿ ಮಕ್ಕಳನ್ನು ಕೂಗಿದಳು. ಅವರೆಲ್ಲ ದಡ ಹತ್ತುವವರೆಗೆ ಮೇಡಂ ಅಲ್ಲಿಂದ ಕದಲಲಿಲ್ಲ. ಆ ಒದ್ದೆ ಕಾಲುಗಳನ್ನು ನನ್ನಿಂದ ನೋಡಲಾಗಲಿಲ್ಲ.

ಮಕ್ಕಳಿಗೆ ಏನೂ ಆಗಲಿಲ್ಲ. ಅಂಕಲ್ ನೀರನ್ನು ಮತ್ತೆ ತೊಟ್ಟಿಗೆ ತಿರುಗಿಸಿದರು. ಮೇಡಂ ಪ್ರಬಂಧ ಹಿಂತೆಗೆದುಕೊಂಡರು, ಕೇಳಬಾರದ ಮಾತುಗಳನ್ನೆಲ್ಲ ಕೇಳಿಸಿಕೊಂಡರು, ಹೊಸ ಪುಡಿಗೆ ಕೈಹಾಕಿದರು. ಅದು ಮುಗಿಯುವ ಮೊದಲೇ ಹೃದಯಾಘಾತದಿಂದ ತೀರಿಕೊಂಡರು.

ನಾನೀಗ ಇದೇ ದೇಶದ ಪೊರಿರುವಾ ಪಟ್ಟಣದಲ್ಲಿ ನೀರು ಪರೀಕ್ಷಿಸುವ ಕೆಲಸದಲ್ಲಿದ್ದೇನೆ. ಯಾರ ಮನೆಯ ನೀರು ಕೆಟ್ಟಿದ್ದರೂ ಅವರ ಮನೆಗೇ ಹೋಗಿ ಹೇಳುತ್ತೇನೆ. ಜನ ಅದನ್ನು ಒಳ್ಳೆಯತನ ಎಂದುಕೊಳ್ಳುತ್ತಾರೆ. ಅವತ್ತು ನರ್ಸರಿಯಲ್ಲೂ ಆ ಮನೆಯಲ್ಲೂ ಮೇಡಂ "ನಾನು ತಪ್ಪು ಮಾಡಿದೆ" ಎಂದರು, "ನಾವು" ಎನ್ನಲಿಲ್ಲ. ಪಕ್ಕದಲ್ಲೇ ನಿಂತಿದ್ದ ನಾನೂ ತಿದ್ದಲಿಲ್ಲ.