ಮಾಸ್ತರರ ಪೀಠಿಕೆ
ಇದನ್ನು ಬರೆದ ನನ್ನ ಅಕ್ಷರಗಳು ಸೊಟ್ಟಾಗಿವೆ, ಮಾತೂ ಸಾಲವು, ಓದುವವರು ಸೈರಿಸಬೇಕು. ಆಳಂದದ ಜಗದೇವಪ್ಪ ಮಾಸ್ತರರ ಸೈಕಲ್ ಗಂಟೆ ಕೇಳಿದರೆ ಸಂತೆಯ ಆಡುಗಳೂ ಮೆಲುಕು ನಿಲ್ಲಿಸುತ್ತವೆ. ಹಿಟ್ಟಿನ ಗಿರಣಿಯಲ್ಲಿ ಸಿಕ್ಕರೂ ಅವರದು ಪರೀಕ್ಷೆಯ ಪ್ರಬಂಧವೇ: "ಏನ್ಬೇ ನರ್ಮದಾ, ಗ್ರಂಥಾಲಯದ ಮಹತ್ವ! ಪೀಠಿಕೆ ಹೇಳು!" ವರ್ಗದಲ್ಲಿ ಎದ್ದು ಓದಲು ಹೆದರಿ ಶಾಲೆ ಬಿಟ್ಟ ನರ್ಮದಾ, ಈಗಲೂ ಆ ಗಂಟೆ ಕೇಳಿದರೆ ಕೊಡ ಹಿಡಿದುಕೊಂಡೇ ಶಾಲೆಯ ಬೇವಿನ ಮರದ ಹಿಂದೆ ಅಡಗುತ್ತಾಳೆ. ನಿನ್ನೆ ಮಾಸ್ತರರು ಅದೇ ಮರಕ್ಕೆ ಸೈಕಲ್ ಆನಿಸಿದರು. ತಪಾಸಣೆಗೆ ಬಂದ ಸಾಹೇಬರ ಮುಂದೆ ಅವರು ಅದೇ ಪ್ರಬಂಧದ ಪಾಠ ಮಾಡಬೇಕಿತ್ತು. ಬೆವರಿದ ಅಂಗೈಯನ್ನು ಧೋತರಕ್ಕೆ ಒರೆಸುತ್ತ, "ಪೀಠಿಕೆ ಏನಿತ್ತಪಾ ಶಿವನೇ" ಎಂದು ಗೊಣಗಿದರು. "ಗ್ರಂಥಾಲಯ ಊರಿನ ಕಣ್ಣು ರೀ" ಎಂದಳು ನರ್ಮದಾ, ಮರದ ಹಿಂದಿನಿಂದಲೇ. ಮಾಸ್ತರರು ಬೆಚ್ಚಿ ತಿರುಗಿದರು. "ವರ್ಗಕ್ಕ ಯಾಕ ಬರಲ್ಲವಾ?" "ಅಂಜಿಕಿ ಬರ್ತದ್ರಿ." "ನನಗೂ ಬರ್ತದವಾ" ಎಂದು ಒಳಗೆ ಹೋದರು. ನಾಳೆ ನರ್ಮದಾ ವರ್ಗಕ್ಕೆ ಹೋಗುತ್ತಾಳೆ.