ತಮ್ಮನ ಶಕ್ತಿ ಇಂಜೆಕ್ಷನ್

ತಂಬ್ರಹಳ್ಳಿಯಲ್ಲಿ ನೆಂಟರ ಹುಡುಗಿಯ ಕುಬಸ. ಬಸುರಿಗೆ ಉಡಿ ತುಂಬಲು ಮುತ್ತೈದೆಯರನ್ನು ಒಬ್ಬೊಬ್ಬರಾಗಿ ಕರೆಯುತ್ತಿದ್ದರು. ನನ್ನ ತಮ್ಮನ ಹೆಂಡತಿ ಶೋಭಾ ಸೆರಗು ಸರಿಮಾಡಿಕೊಂಡು ಎದ್ದಳು. ಹಿರಿಯಳೊಬ್ಬಳು ಅವಳ ಭುಜ ಹಿಡಿದು ಕೂರಿಸಿದಳು.

"ನೀ ಕುಂದ್ರವ್ವಾ. ನಿನ್ನ ಮಡಿಲಾಗ ಒಂದು ಆಡ್ಲಿ, ಆಮ್ಯಾಲ ತುಂಬುವಂತಿ."

ಶೋಭಾ ಕೂತಳು. ಊಟಕ್ಕೆ ಏಳಲಿಲ್ಲ. ನನಗೆ ಮೈಯೆಲ್ಲ ಉರಿಯಿತು.

ಮದುವೆಯಾಗಿ ಆರು ವರ್ಷ. ಅಷ್ಟರಲ್ಲಿ ಶೋಭಾಳಿಗೆ ಸ್ಕ್ಯಾನಿಂಗ್ ಆಗಿದೆ, ಬ್ಲಡ್ ಟೆಸ್ಟ್ ಆಗಿದೆ, ಮಾತ್ರೆ ನುಂಗಿ ನುಂಗಿ ಮುಖ ಊದಿದೆ, ಸೋಮವಾರದ ಒಪ್ಪೊತ್ತು ನಡೆದೇ ಇದೆ. ಮಕ್ಕಳ ವಿಷಯಕ್ಕೆ ತಮ್ಮನಿಗೆ ಎಷ್ಟು ಟೆಸ್ಟ್ ಆಗಿವೆ? ಒಂದೂ ಇಲ್ಲ. "ಗಂಡಸರಿಗ್ಯಾಕ ಟೆಸ್ಟು? ಅಂವ ಹುಲಿ ಇದ್ದಂಗ ಅದಾನ" ಎಂಬುದು ನಮ್ಮವ್ವನ ತೀರ್ಪು. (ಅಪೀಲಿಗೆ ಅವಕಾಶವಿಲ್ಲ.)

ಹುಲಿಯ ಹೆಸರು ವೀರೇಶ ಎಂದಿಟ್ಟುಕೊಳ್ಳಿ. ಹಗರಿಬೊಮ್ಮನಹಳ್ಳಿಯಲ್ಲಿ ಟ್ರ್ಯಾಕ್ಟರ್ ಸ್ಪೇರ್ ಪಾರ್ಟ್ಸ್ ಅಂಗಡಿ. (ಗಂಡ ಹೆಂಡತಿ ಇಬ್ಬರ ಹೆಸರನ್ನೂ ಬದಲಿಸಿದ್ದೇನೆ, ಸಿಟ್ಟನ್ನು ಬದಲಿಸಿಲ್ಲ. ಬರೀರಿ ಅಕ್ಕಾ ಎಂದವಳು ಶೋಭಾಳೇ.)

ಕುಬಸ ಮುಗಿದ ಮೇಲೆ ನಾನು ಕೊಟ್ಟೂರಿಗೆ ವಾಪಸ್ ಹೋಗಲಿಲ್ಲ. ತಮ್ಮನ ಮನೆಯಲ್ಲೇ ಠಿಕಾಣಿ ಹೂಡಿ, ಜಗಳ ಮಾಡಿ, ಇಬ್ಬರನ್ನೂ ಕಾರಿಗೆ ಹತ್ತಿಸಿ ದಾವಣಗೆರೆಗೆ ಕರೆದೊಯ್ದೆ. ಅಲ್ಲಿಯ ಡಾಕ್ಟರಮ್ಮ ಮೊದಲು ಗಂಡನನ್ನೇ ಪರೀಕ್ಷೆಗೆ ಕಳಿಸಿದರು. ರಿಪೋರ್ಟ್ ಬಂತು. ವೀರ್ಯಾಣು ಸೊನ್ನೆ.

"ಏನಾದ್ರೂ ಔಷಧ ತಗೊಳ್ತಿದೀರಾ?"

"ಏನಿಲ್ರಿ ಮೇಡಂ" ಎಂದ ತಮ್ಮ.

"ಲೇ, ಆ ಶಕ್ತಿ ಇಂಜೆಕ್ಷನ್ ತಗಂತೀಯಲ್ಲ, ಅದನ್ನ ಹೇಳು" ಎಂದೆ.

"ಅದು ಔಷಧ ಅಲ್ಲಕ್ಕಾ. ಶಕ್ತೀದು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ತಮ್ಮನ ಮೊಬೈಲಿನಲ್ಲಿದ್ದ ಚೀಟಿಯ ಫೋಟೋ ನೋಡಿದರು. ಟೆಸ್ಟೋಸ್ಟೆರಾನ್! ಮೂರು ವರ್ಷದ ಹಿಂದೆ ಸುಸ್ತು ಸುಸ್ತು ಎನ್ನುತ್ತಿದ್ದ. ರಕ್ತದಲ್ಲಿ ಆ ಹಾರ್ಮೋನು ಕಡಿಮೆ ಇದೆಯೆಂದು ಒಬ್ಬ ಡಾಕ್ಟರು ಶುರು ಮಾಡಿದ್ದರು. ನಿಜಕ್ಕೂ ಕಡಿಮೆ ಇದ್ದವರಿಗೆ ಅದು ಬೇಕಾದ ಚಿಕಿತ್ಸೆಯೇ. ಇವನಿಗೂ ಸುಸ್ತು ಹೋಯಿತು, ರಟ್ಟೆ ಬಂತು, ಮೀಸೆ ಮೇಲಕ್ಕೆ ತಿರುಗಿತು.

ಆದರೆ ಹೊರಗಿನಿಂದ ಹಾರ್ಮೋನು ಬಂದಾಗ ಮೆದುಳಿಗೆ, ಇನ್ನು ಮೈಯೊಳಗೆ ತಯಾರಿಸುವುದು ಬೇಡ ಅನ್ನಿಸುತ್ತದಂತೆ. ಬೀಜಗಳಿಗೆ ಕೆಲಸ ನಿಲ್ಲಿಸಿ ಎಂದು ಸಂದೇಶ ಹೋಗುತ್ತದೆ. ವೀರ್ಯಾಣು ಹುಟ್ಟುವುದೂ ನಿಲ್ಲುತ್ತದೆ. ಅಂದರೆ ಮೇಲೆ ಮೀಸೆ, ಒಳಗೆ ಬಂದ್! ಗಂಡಸುತನದ ಇಂಜೆಕ್ಷನ್ನೇ ಅಪ್ಪನಾಗುವುದಕ್ಕೆ ಅಡ್ಡ ನಿಂತಿದೆ ಎಂದರೆ ಯಾರಿಗೆ ಹೊಳೆಯಬೇಕು ಹೇಳಿ?

"ಮಕ್ಕಳು ಬೇಕು ಅಂತ ಮೊದಲೇ ಹೇಳಿದ್ರೆ ಬೇರೆ ದಾರಿ ಇತ್ತು" ಎಂದರು ಡಾಕ್ಟರಮ್ಮ. "ಒಳಗಿನ ಉತ್ಪಾದನೆ ನಿಲ್ಲದ ಹಾಗೆ ಬೇರೆ ಔಷಧ ಕೊಡಬಹುದಿತ್ತು. ವೀರ್ಯ ತೆಗೆದು ಫ್ರೀಜ್ ಮಾಡಿ ಇಡಬಹುದಿತ್ತು. ಆ ಡಾಕ್ಟರು ಕೇಳಲಿಲ್ವಾ?"

ನನಗೂ ಆ ಡಾಕ್ಟರ ಮೇಲೆ ಸಿಟ್ಟು ನೆತ್ತಿಗೇರಿತು. ಅಷ್ಟೂ ಕೇಳಬಾರದೇ?

ತಮ್ಮ ನೆಲ ನೋಡಿದ.

"ಕೇಳಿದ್ರು. ಮಕ್ಕಳೆಷ್ಟು ಅಂದ್ರು. ಎರಡು ಅದಾವ್ರಿ ಅಂದ್ಬಿಟ್ಟೆ."



"ಯಾಕೋ?" ಎಂದೆ.

"ಮುಂದಿನ ಪೇಶಂಟು ಎಲ್ಲಾ ಡಾಕ್ಟ್ರ ರೂಮಿನಾಗ ಬೆಂಚ್ ಮ್ಯಾಲ ಕುಂತಿದ್ರಕ್ಕಾ. ಎಲ್ಲಾ ನಮ್ಮ ಅಂಗಡಿ ಗಿರಾಕಿಗಳು. ಅವರ ಮುಂದ ಮಕ್ಕಳಿಲ್ಲ ಅಂತ ಹೆಂಗ ಅನ್ನಲಿ?"

ನಮ್ಮ ಕಡೆ ಎಷ್ಟೋ ಕ್ಲಿನಿಕ್ಕುಗಳು ಹೀಗೇ ಅಲ್ಲವೇ? ಡಾಕ್ಟರು ನಿಮ್ಮ ನಾಡಿ ಹಿಡಿದಿರುತ್ತಾರೆ, ಹಿಂದೆ ಕೂತ ನಾಲ್ಕು ಜನ ನಿಮ್ಮ ಕಾಯಿಲೆ ಆಲಿಸುತ್ತಿರುತ್ತಾರೆ. ಸಂಜೆಯೊಳಗೆ ಸುದ್ದಿ ಸಂತೆಯಲ್ಲಿರುತ್ತದೆ. ಅವನ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಆಮೇಲೆ? ಒಂಟಿಯಾಗಿ ಹೋಗಿ, ಒಂದು ಫೋನ್ ಮಾಡಿ, ನಿಜ ಹೇಳಲು ಮೂರು ವರ್ಷ ಸಾಲಲಿಲ್ಲವೇ? ಆ ಮೂರು ವರ್ಷವೂ ಶೋಭಾ ಮಾತ್ರೆ ನುಂಗಿದಳು.

ಡಾಕ್ಟರಮ್ಮ ಇಂಜೆಕ್ಷನ್ ನಿಲ್ಲಿಸಿ, ಒಳಗಿನ ಕೆಲಸ ಮತ್ತೆ ಶುರುವಾಗಲು ಔಷಧ ಬರೆದರು. ಹೆಚ್ಚಿನವರಿಗೆ ವೀರ್ಯಾಣು ಮರಳುತ್ತದಂತೆ. ತಿಂಗಳುಗಟ್ಟಲೆ ಆಗಬಹುದು, ವರ್ಷ ದಾಟಬಹುದು. ಗ್ಯಾರಂಟಿ ಇಲ್ಲ. ಇಂಜೆಕ್ಷನ್ನಿಗೆ ಮೊದಲಿನ ಮೂರು ವರ್ಷ ಯಾಕೆ ಆಗಲಿಲ್ಲವೆಂದು ಈಗ ಹೇಳಲಾಗದಂತೆ, ಆಗ ಇವನ ಟೆಸ್ಟೇ ಆಗಿಲ್ಲವಲ್ಲ. ಶೋಭಾ ಒಂದೇ ಪ್ರಶ್ನೆ ಕೇಳಿದಳು: "ಅಂದ್ರ ನಂದೇನೂ ತೊಂದರಿ ಇಲ್ಲೇನ್ರಿ?"

"ನಿಮ್ಮ ಹಳೇ ರಿಪೋರ್ಟ್ ಎಲ್ಲಾ ನಾರ್ಮಲ್ ಇವೆಯಮ್ಮ."

ದಾರಿಯುದ್ದಕ್ಕೂ ಅವಳು ಕಿಟಕಿಯಾಚೆ ನೋಡುತ್ತ ಅತ್ತಳು. ಅದು ಸಮಾಧಾನವೋ ಸಿಟ್ಟೋ, ಕೇಳಲು ನನಗೆ ಧೈರ್ಯ ಬರಲಿಲ್ಲ.

ಮನೆ ಬಾಗಿಲಲ್ಲೇ ಅವ್ವ ಕಾಯುತ್ತಿದ್ದಳು. ಮಗನ ಮುಖ ನೋಡಲೇ ಇಲ್ಲ. ನೇರ ಸೊಸೆಯನ್ನೇ ಕೇಳಿದಳು: "ನಿನಗೇನು ತೊಂದರಿ ಐತಂತವಾ?"

ಶೋಭಾ ಗಂಡನ ಕಡೆ ನೋಡಿದಳು. ನಾನೂ ನೋಡಿದೆ. ಹುಲಿ ಬಗ್ಗಿ ಚಪ್ಪಲಿ ಬಿಡುತ್ತಿತ್ತು. ಬಿಟ್ಟ ಚಪ್ಪಲಿಯನ್ನು ಜೋಡಿಸಿತು. ಜೋಡಿಸಿದ್ದನ್ನು ಮತ್ತೆ ಜೋಡಿಸಿತು.

ಇಲ್ಲದ ಎರಡು ಮಕ್ಕಳಿಗೆ ಅಪ್ಪನಾಗಲು ಬಾಯಿ ಬಂದವನಿಗೆ, ಇರುವ ಒಬ್ಬ ಹೆಂಡತಿಯ ಪರವಾಗಿ ಒಂದು ಮಾತಾಡಲು ಬಾಯಿ ಬರಬಾರದೇ?